ಮನೆಗೆ ಬಂದ ದೊಡ್ಡ ತೆರೆ

ಕುಂದಾಪುರದ ಕೋಡಿಯಲ್ಲಿ ವಾಸಿಸುವವರಿಗೆ ತೆರೆಯೆಂದರೆ ಮೊದಲು ನೆನಪಾಗುವುದು ಸಮುದ್ರದ್ದೇ. ಒಂದು ಕಡೆ ಕಡಲು, ಇನ್ನೊಂದು ಕಡೆ ಪಂಚಗಂಗಾವಳಿ ಹೊಳೆ. ನಡುವೆ ನಮ್ಮ ಮನೆ. ಈ ಮನೆಗೆ ಕಳೆದ ವರ್ಷ ಬೇರೊಂದು ಬಗೆಯ ತೆರೆಯನ್ನು, ಎಂದರೆ 27 ಅಂಗುಲದ ಕಂಪ್ಯೂಟರ್ ಮಾನಿಟರನ್ನು, ನಾವು ಕೊಂಡುತಂದೆವು. ಮನೆಯಲ್ಲಿಯೇ ಕುಳಿತು ಲೆಕ್ಕಪತ್ರ ಬರೆಯುವುದು ನಮ್ಮ ಉದ್ಯೋಗ. ಲ್ಯಾಪ್‌ಟಾಪಿನ ಕಿರಿದಾದ ಪರದೆಯಲ್ಲಿ ಅಂಕಣಗಳನ್ನು ಹಿಂದೆ ಮುಂದೆ ಸರಿಸಿ ಬೇಸತ್ತಿದ್ದೆವು.

ಪೆಟ್ಟಿಗೆಯನ್ನು ಬಿಚ್ಚುತ್ತಿರುವಾಗ ಅಮ್ಮ ಬಾಗಿಲಲ್ಲಿ ನಿಂತು, “ಎಂತ ಮಗಾ, ಕನ್ನಡಿ ತಂದದ್ದಾ?” ಎಂದು ಕೇಳಿದರು.

ಇಪ್ಪತ್ತೇಳು ಅಂಗುಲವೆಂಬುದು ಮೂಲೆಯಿಂದ ಮೂಲೆಗೆ ಹಿಡಿದ ಅಳತೆ. ಅಗಲ ಸುಮಾರು 60 ಸೆಂಟಿಮೀಟರು, ಎತ್ತರ 34 ಮಾತ್ರ. ಇಷ್ಟನ್ನು ನಾವು ಅರಿತಿದ್ದೆವು. ಅರಿಯದೆ ಹೋದುದು ಚುಕ್ಕೆಗಳ ಸಂಗತಿ. ಆ ತೆರೆಯಲ್ಲಿ ಅಡ್ಡಕ್ಕೆ 1920, ಮೇಲಿನಿಂದ ಕೆಳಕ್ಕೆ 1080 ಚುಕ್ಕೆಗಳು. ಅವನ್ನು ಇಷ್ಟು ವಿಸ್ತಾರಕ್ಕೆ ಹರಡಿದರೆ ಅಂಗುಲವೊಂದಕ್ಕೆ 82ರಷ್ಟೇ ಬೀಳುವುವು. ಇಂಗ್ಲಿಷ್ ಅಕ್ಷರಗಳಿಗೆ ಅದು ಸಾಕಾದೀತು. ನಮ್ಮ ಅಕ್ಷರಗಳಿಗೆ ಮೇಲೆ ಗುಡಿಸು, ಕೆಳಗೆ ಒತ್ತು. ಸಣ್ಣ ಗಾತ್ರದಲ್ಲಿ ಲಕ್ಷ್ಮಿಯೆಂಬ ಹೆಸರಿನ ಎರಡನೆಯ ಅಕ್ಷರವು ಬರಿಯ ಮಸಿಯ ಕಲೆಯಂತೆ ಕಾಣತೊಡಗಿತು. 2560ಕ್ಕೆ 1440 ಚುಕ್ಕೆಗಳ ತೆರೆಯಾಗಿದ್ದರೆ ಅಂಗುಲಕ್ಕೆ 109 ದೊರೆಯುತ್ತಿದ್ದುವು. ವಾರದೊಳಗೆ ತಂದರೆ, ಹೆಚ್ಚಿನ ಹಣ ಪಡೆದು ಬದಲಿಸಿಕೊಡುವುದಾಗಿ ಅಂಗಡಿಯವರು ಒಪ್ಪಿದರು.

ಅಷ್ಟರಲ್ಲಿ ನಮಗೊಂದು ಯೋಚನೆ ಹೊಳೆಯಿತು. ಅಮ್ಮನಿಗೆ ಅಕ್ಷಿಪಟಲದ ನಡುಭಾಗ ಕೆಡುವ ವ್ಯಾಧಿ. ಅಂಚಿನ ನೋಟ ಉಳಿದಿದೆ, ನಟ್ಟನಡುವೆ ಮಬ್ಬು. ಕಣ್ಣಿಗೆ ಕೊಡುವ ಸೂಜಿಮದ್ದು ರೋಗದ ವೇಗವನ್ನು ತಗ್ಗಿಸೀತು. ಹೋದ ದೃಷ್ಟಿಯನ್ನೆಲ್ಲ ಮರಳಿ ತಾರದು. ಮಳೆಗಾಲ ಬಂತೆಂದರೆ ಕುಮಾರವ್ಯಾಸ ಭಾರತವನ್ನು ರಾಗವಾಗಿ ಓದುತ್ತಿದ್ದವರು ಎರಡು ವರ್ಷಗಳಿಂದ ಪುಸ್ತಕವನ್ನು ಮುಚ್ಚಿಟ್ಟಿದ್ದರು. “ಕಾಂತಿಲ್ಲೆ ಮಗಾ” ಎಂದು ಒಮ್ಮೆ ಹೇಳಿದ್ದು ಬಿಟ್ಟರೆ ಆ ವಿಷಯವನ್ನು ಮತ್ತೆ ಎತ್ತಿದವರಲ್ಲ.

ಭಾರತದ ಪದ್ಯಗಳು ಅಂತರ್ಜಾಲದ ವಿಕಿಸೋರ್ಸ್ ಭಂಡಾರದಲ್ಲಿವೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರಗಳನ್ನು ಅಂಗುಲದೆತ್ತರ ಬೆಳೆಸಿದೆವು. ಭಾಮಿನಿ ಷಟ್ಪದಿಯ ಮೂರನೆಯ ಮತ್ತು ಆರನೆಯ ಸಾಲುಗಳು 23 ಮಾತ್ರೆಗಳಷ್ಟು ಉದ್ದ, ಉಳಿದವು 14. ಆ ಉದ್ದದ ಸಾಲೂ ಮುರಿಯದೆ, ಆರು ಸಾಲುಗಳೂ ಒಟ್ಟಿಗೆ ತೆರೆಯಲ್ಲಿ ನಿಂತುವು. ಅಮ್ಮ ಕತ್ತನ್ನು ಓರೆಮಾಡಿ, ಅಂಚುಗಣ್ಣಿನಿಂದ ಒಂದೊಂದೇ ಪದವನ್ನು ಹಿಡಿದರು. ಮೂರನೆಯ ಪದ್ಯಕ್ಕೆ ರಾಗ ಬಂತು.

ತೆರೆಯನ್ನು ಬದಲಿಸಲಿಲ್ಲ. ಅಂಗುಲದ ಅಕ್ಷರಕ್ಕೆ ಚುಕ್ಕೆಗಳ ಕೊರತೆ ಲೆಕ್ಕಕ್ಕಿಲ್ಲ. ಹೆಚ್ಚಿನ ಹಣವನ್ನು ಸೂಜಿಮದ್ದಿಗೆ ತೆಗೆದಿಟ್ಟೆವು. ಮಸಿಯ ಕಲೆಗಳ ನಡುವೆ ಲೆಕ್ಕ ಬರೆಯುವುದು ನಮಗೂ ಹೇಗೋ ರೂಢಿಯಾಯಿತು, ಗೊಣಗುವುದು ನಿಂತಿಲ್ಲವಾದರೂ.

ಪಡುವಣ ಕಿಟಕಿಯ ಬೆಳಕು ತೆರೆಗೆ ಹೊಡೆಯುತ್ತಿದ್ದುದರಿಂದ, ಕಿಟಕಿ ಮಗ್ಗುಲಿಗೆ ಬರುವಂತೆ ಮೇಜನ್ನು ತಿರುಗಿಸಿದೆವು. ಉಪ್ಪುಗಾಳಿಯ ಜಿಡ್ಡನ್ನು ಮೆತ್ತನೆಯ ಬಟ್ಟೆಯಿಂದ ಒರಸುತ್ತೇವೆ. ತೆರೆಯ ಮೇಲೆ ನೀರು ಚಿಮುಕಿಸುವುದಿಲ್ಲ. ಗುಡುಗು ಕೇಳಿದೊಡನೆ ಅಮ್ಮನೇ, “ಪ್ಲಗ್ ತೆಗಿ” ಎಂದು ಕೂಗುತ್ತಾರೆ.

ಈ ಆಷಾಢದಲ್ಲಿ ಅಕ್ಷರಗಳನ್ನು ಒಂದೂವರೆ ಅಂಗುಲಕ್ಕೆ ಏರಿಸಬೇಕಾಯಿತು. ಮೂರನೆಯ ಸಾಲು ಮುರಿದು ಕೆಳಕ್ಕಿಳಿಯುತ್ತದೆ; ಪದ್ಯದ ಅರ್ಧಕ್ಕೇ ತೆರೆ ತುಂಬುತ್ತದೆ. ಉಳಿದರ್ಧವನ್ನು ನಾವು ಮೇಲಕ್ಕೆ ಸರಿಸುವಷ್ಟರಲ್ಲಿ ಅಮ್ಮ ಅದನ್ನು ಬಾಯಿಪಾಠದಿಂದಲೇ ಹೇಳಿ ಮುಗಿಸಿ, “ಮುಂದಿನ್ ಪದ್ಯ ಹಾಕ್ ಮಗಾ” ಎನ್ನುತ್ತಾರೆ.