ಗಿಟಾರಿನೊಡನೆ ಶರೀಫರು

ರಾಕ್ ಸಂಗೀತವೆಂದರೆ ಕಿವಿ ಮುಚ್ಚಿಕೊಳ್ಳುವವರ ಪಂಗಡಕ್ಕೆ ಸೇರಿದವರು ನಾವು. ರಘು ದೀಕ್ಷಿತರ 2008ರ ಮೊದಲ ಆಲ್ಬಮ್ಮು ಆ ಗರ್ವವನ್ನು ತುಸು ಮುರಿಯಿತೆಂದು ಒಪ್ಪಲೇಬೇಕು. ಅದರ ಹಾಡುಗಳಲ್ಲಿ ಹಿಂದಿ, ಇಂಗ್ಲಿಷಿನವು ನಮಗೆ ಅಷ್ಟಾಗಿ ರುಚಿಸಲಿಲ್ಲ. ಶಿಶುನಾಳ ಶರೀಫರ ಎರಡು ಪದಗಳು ಮಾತ್ರ ಬಿಡದೆ ಹಿಡಿದುವು. ‘ಗುಡುಗುಡಿ’ಯಲ್ಲಿ ವಾದ್ಯಗಳ ಅಬ್ಬರಕ್ಕೆ ಅಕ್ಷರಗಳು ನಲುಗುವುವೆಂಬುದು ನಮ್ಮ ಆಕ್ಷೇಪ. ಸಿ. ಅಶ್ವತ್ಥರು ಶರೀಫರನ್ನು ಹಾಡಿದಾಗ ಒಂದೊಂದು ಮಾತೂ ತಿಳಿಯುತ್ತಿತ್ತು. ಸೋರುವ ಮಾಳಿಗೆಯ ಪದಕ್ಕೆ ಈ ದೋಷ ತಟ್ಟಿಲ್ಲ.

ಮಳೆಯ ದಿನವೊಂದರಲ್ಲಿ ಆ ಪದವನ್ನು ತರಗತಿಯಲ್ಲಿ ಫೋನಿನಿಂದ ಕೇಳಿಸಿದೆವು. ಸದಾ ತೆಲುಗು ಚಿತ್ರಗೀತೆಗಳನ್ನು ಗುನುಗುತ್ತಿದ್ದ ಹುಡುಗನೊಬ್ಬನಿದ್ದನು. ಮರುವರ್ಷ ಅವನನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವುದಾಗಿ ತಂದೆ ಆಗಲೇ ತಿಳಿಸಿದ್ದರು. ಅವನು ಎದ್ದು, “ಸಾರ್, ನಮ್ಮ ಮನಿ ಮಾಳಿಗೀನೂ ಹಿಂಗೇ ಸೋರ್ತೈತಿ” ಎಂದನು. ಡಿ. ಹಿರೇಹಾಳಿನ ಮಣ್ಣಿನ ಮಾಳಿಗೆಗಳನ್ನು ಕಂಡವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಒಳಾರ್ಥ ಬಿಡಿಸಲು ಸಿದ್ಧರಾಗಿದ್ದ ನಾವು ಸುಮ್ಮನಾದೆವು. ಕೆಲಕಾಲ ಮಾಸ್ತರಿಕೆ ಮಾಡಿದ್ದ ಶರೀಫರಾದರೋ ಏನು ಮಾಡುತ್ತಿದ್ದರೋ!

ಜೂನಿನಲ್ಲಿ ಹಾಜರಿ ಪುಸ್ತಕ ತೆರೆದಾಗ ಅವನ ಹೆಸರಿರಲಿಲ್ಲ. ಮೊನ್ನೆ ಬಸ್ ನಿಲ್ದಾಣದಲ್ಲಿ ಹೊಸ ಟೈ ಕಟ್ಟಿ ನಿಂತಿದ್ದನು. ನಮ್ಮನ್ನು ಕಂಡೊಡನೆ ಆ ಪದದ ಪಲ್ಲವಿಯನ್ನು ಗಟ್ಟಿಯಾಗಿ ಹಾಡಿ, ನಕ್ಕು, ಬಸ್ಸು ಹತ್ತಿದನು.