ವಾಹನದ ಅನುಗ್ರಹ, ದಾರಿಯ ಹಕ್ಕು

ಮನುಷ್ಯನ ಸೌಭಾಗ್ಯದ ಲಕ್ಷಣಗಳನ್ನು ಎಣಿಸುವಾಗ ಪ್ರವಾದಿವರ್ಯರು(ಸ) ಸಜ್ಜನ ಸಂಗಾತಿ, ವಿಶಾಲವಾದ ಮನೆ ಮತ್ತು ಒಳ್ಳೆಯ ನೆರೆಯವರ ಜೊತೆಗೆ ಸುಖಕರವಾದ ವಾಹನವನ್ನೂ ಸೇರಿಸಿದ್ದಾರೆ. ಇಬ್ನು ಹಿಬ್ಬಾನರ ಸಂಗ್ರಹದಲ್ಲಿರುವ ಈ ಹದೀಸನ್ನು ನಮ್ಮಲ್ಲಿ ಅನೇಕರು ಹೊಸ ಕಾರು ಕೊಂಡಾಗ ನೆನೆಯುತ್ತಾರೆ. ಆದರೆ ಇದೇ ಪ್ರವಾದಿವರ್ಯರು(ಸ) ಮಾರುವವನ ಕರ್ತವ್ಯ, ಕೊಳ್ಳುವವನ ಕರ್ತವ್ಯ, ಸಹಪ್ರಯಾಣಿಕನ ಹಕ್ಕು, ಕೊನೆಗೆ ದಾರಿಯ ಹಕ್ಕನ್ನೂ ಕಲಿಸಿದ್ದಾರೆಂಬುದು ಅಷ್ಟಾಗಿ ನೆನಪಾಗುವುದಿಲ್ಲ. ಈ ಹಕ್ಕುಗಳನ್ನು ಸಲ್ಲಿಸದ ವಾಹನ ಎಷ್ಟೇ ಮೆತ್ತಗಿದ್ದರೂ ಅದನ್ನು ಸುಖಕರ ಎನ್ನಬಹುದೇ?

ಈ ಪ್ರಶ್ನೆಯನ್ನು ನಮ್ಮ ಮುಂದೆ ತಂದು ನಿಲ್ಲಿಸಿದ್ದು ಒಂದು ಹಳೆಯ ಕ್ಯಾಂಪರ್ ವ್ಯಾನ್. ಒಳಗೆ ಮಲಗಲು ಎರಡು ಹಲಗೆ, ಸಣ್ಣದೊಂದು ಅಡುಗೆ ಕಟ್ಟೆ, ನೀರಿನ ಟ್ಯಾಂಕು, ಹಿಂಬದಿಯಲ್ಲಿ ಬಾಗಿಲುಳ್ಳ ಪುಟ್ಟ ಶೌಚಾಲಯ ಇರುವ ವಾಹನವದು. ನಮ್ಮ ಭಟ್ಕಳದ ಓಣಿಯಲ್ಲಿ ಅದು ಬಂದು ನಿಂತ ದಿನ ಮಕ್ಕಳು ಅದಕ್ಕೆ ನಾಲ್ಕು ಚಕ್ರದ ಮನೆ ಎಂದು ಹೆಸರಿಟ್ಟರು. ಮದ್ರಸದ ಅಧ್ಯಾಪಕನ ಮನೆಗೆ ಇಂತಹ ವಾಹನವೇಕೆ ಎಂದು ಕೇಳಿದವರೂ ಇದ್ದರು. ಕೇಳುವುದು ಸಹಜ. ಕಾರಣ ನಮ್ಮ ತಾಯಿಯವರು.

ತಾಯಿಯವರಿಗೆ ಎಪ್ಪತ್ತನಾಲ್ಕು ವರ್ಷ. ಸಕ್ಕರೆ ಕಾಯಿಲೆಯೂ ಮೊಣಕಾಲಿನ ನೋವೂ ಇವೆ. ಗಂಟೆಗೆ ಒಮ್ಮೆಯಾದರೂ ಶೌಚಾಲಯಕ್ಕೆ ಹೋಗಬೇಕಾದವರು ಬಸ್ಸಿನಲ್ಲಾಗಲಿ ಬಾಡಿಗೆ ಕಾರಿನಲ್ಲಾಗಲಿ ಕುಳಿತು ಹೋಗುವುದು ಹೇಗೆ? ಮಕ್ಕಳೊಂದಿಗೂ ಚಾಲಕನೊಂದಿಗೂ ಮತ್ತೆ ಮತ್ತೆ ಗಾಡಿ ನಿಲ್ಲಿಸಿ ಎಂದು ಹೇಳಲು ಅವರಿಗೆ ಸಂಕೋಚ. ಹೀಗಾಗಿ ಐದು ವರ್ಷಗಳಿಂದ ಅವರು ಆಸ್ಪತ್ರೆಗಲ್ಲದೆ ಬೇರೆಲ್ಲಿಗೂ ಹೋಗಿರಲಿಲ್ಲ. ಅವರ ಏಕಮಾತ್ರ ಅಕ್ಕ ಕುಮಟಾದಲ್ಲಿದ್ದಾರೆ. ಅವರಿಗೆ ಎಂಬತ್ತು ದಾಟಿದೆ. ಭಟ್ಕಳದಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರು. ಒಂದೇ ಕರಾವಳಿಯಲ್ಲಿದ್ದೂ ಅಕ್ಕತಂಗಿಯರು ಐದು ವರ್ಷ ಫೋನಿನಲ್ಲಿ ಮಾತ್ರ ಮಾತನಾಡಿದರು. ರಕ್ತಸಂಬಂಧವನ್ನು ಜೋಡಿಸುವವನ ಆಯುಸ್ಸಿಗೂ ಆಹಾರಕ್ಕೂ ಸಮೃದ್ಧಿ ಇದೆಯೆಂದು ತರಗತಿಯಲ್ಲಿ ಪಾಠ ಹೇಳುವ ನಮಗೆ, ಮನೆಯೊಳಗಿನ ಈ 60 ಕಿಲೋಮೀಟರು ಬಹಳ ದೂರವಾಗಿ ಕಾಣತೊಡಗಿತ್ತು.

ಮೂವರು ಸಹೋದರರು ಸೇರಿ ಹಣ ಹೊಂದಿಸಿದೆವು. ಹೆಚ್ಚಿನ ಪಾಲು ದುಬೈಯಲ್ಲಿರುವ ತಮ್ಮನದು. ಬಡ್ಡಿಯ ಸಾಲ ಬೇಡವೆಂಬುದರಲ್ಲಿ ಮೂವರದೂ ಒಂದೇ ಮಾತು. ಯಾರದು ಎಷ್ಟು ಪಾಲು, ರಿಪೇರಿಯ ಖರ್ಚು ಹೇಗೆ ಹಂಚಿಕೆಯಾಗಬೇಕು, ಮುಂದೆ ಮಾರಿದರೆ ಹಣ ಹೇಗೆ ಹೋಗಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದೆವು. ಅಣ್ಣತಮ್ಮಂದಿರ ನಡುವೆ ಇದೆಲ್ಲ ಏಕೆ ಎಂದು ಕೆಲವರು ನಕ್ಕರು. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ವಚನ ಅಲ್‌ಬಕರ ಅಧ್ಯಾಯದ 282ನೆಯದು. ಅದರ ವಿಷಯ ಸ್ವರ್ಗ ನರಕಗಳಲ್ಲ, ಸಾಲ ವ್ಯವಹಾರವನ್ನು ಬರೆದಿಡಬೇಕೆಂಬ ಆದೇಶ. ಬರೆದಿಡುವುದು ಅಪನಂಬಿಕೆಯ ಗುರುತಲ್ಲ, ಸಂಬಂಧವನ್ನು ಕಾಯುವ ಬೇಲಿ.

ವ್ಯಾನ್ ಸಿಕ್ಕಿದ್ದು ಕುಮಟಾದಲ್ಲೇ. ಮಾರುವವರು ನಿವೃತ್ತ ನೌಕರರಾದ ಹಿಂದೂ ಸಜ್ಜನರು. ಪತ್ನಿ ತೀರಿಕೊಂಡ ಬಳಿಕ ಅವರಿಗೆ ಪ್ರವಾಸದ ಆಸೆ ಉಳಿದಿರಲಿಲ್ಲ. ನಾವು ಹಣದ ಚೀಲ ತೆಗೆಯುವಷ್ಟರಲ್ಲಿ ಅವರು ಕೈಯೆತ್ತಿ ತಡೆದರು. “ಮಾಸ್ತರೇ, ಮೊದಲು ಗಾಡಿಯ ಕೆಳಗೆ ಬಗ್ಗಿ ನೋಡಿ. ಆಮೇಲೆ ಹಣದ ಮಾತು” ಎಂದರು. ಕಡಲಗಾಳಿಯ ಉಪ್ಪಿಗೆ ಹಿಂಬದಿಯ ತಳದ ತಗಡು ತುಕ್ಕು ಹಿಡಿದಿತ್ತು. ನೀರಿನ ಟ್ಯಾಂಕಿನ ಒಂದು ಜೋಡಣೆಯಲ್ಲಿ ಸೋರಿಕೆಯಿತ್ತು. ಎರಡು ಟೈರುಗಳು ಮಳೆಗಾಲ ದಾಟುವ ಸ್ಥಿತಿಯಲ್ಲಿರಲಿಲ್ಲ. ನಾವು ಕೇಳದಿದ್ದ ಇನ್ನೊಂದು ಸಂಗತಿಯನ್ನೂ ಅವರೇ ಹೇಳಿದರು: ಘಟ್ಟ ಹತ್ತುವಾಗ ಎಂಜಿನ್ ಬಿಸಿಯಾಗುತ್ತದೆ, ಅರ್ಧದಾರಿಯಲ್ಲಿ ನಿಲ್ಲಿಸಿ ತಣಿಸಬೇಕು.

ಮಾರುವವನೂ ಕೊಳ್ಳುವವನೂ ಸತ್ಯ ನುಡಿದು ದೋಷಗಳನ್ನು ತಿಳಿಸಿದರೆ ಆ ವ್ಯಾಪಾರದಲ್ಲಿ ಬರಕತ್ ಇರುತ್ತದೆ, ಮುಚ್ಚಿಟ್ಟರೆ ಆ ಬರಕತ್ ಅಳಿಸಿಹೋಗುತ್ತದೆ ಎಂಬ ಪ್ರವಾದಿ ಬೋಧನೆ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಒಳಗಿನ ತೇವವನ್ನು ಕಂಡು, ವಂಚಿಸುವವನು ನಮ್ಮವನಲ್ಲವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ ಘಟನೆಯನ್ನು ನಾವು ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ಆ ಬೋಧನೆಯ ನಡೆಯನ್ನು ಅಂದು ಕುಮಟಾದ ಒಂದು ಅಂಗಳದಲ್ಲಿ, ಆ ಹದೀಸನ್ನು ಎಂದೂ ಓದಿರದ ಒಬ್ಬರಲ್ಲಿ ಕಂಡೆವು. ಸತ್ಯಸಂಧತೆ ಎಲ್ಲಿ ಕಂಡರೂ ಅದನ್ನು ಗೌರವಿಸುವುದು ವಿಶ್ವಾಸಿಯ ಧರ್ಮ.

ಇನ್ನು ಕೊಳ್ಳುವವನ ಕಡೆ. ದೋಷಗಳನ್ನು ತಾನಾಗಿ ಹೇಳಿದವನ ಮುಂದೆ ಅದೇ ದೋಷಗಳನ್ನು ಹಿಡಿದು ಚೌಕಾಶಿ ಮಾಡಿದರೆ ಸತ್ಯಕ್ಕೆ ದಂಡ ಹಾಕಿದಂತಾಗುವುದಿಲ್ಲವೇ? ಪಡೆಯುವಾಗ ತುಂಬ ಅಳೆದು, ಕೊಡುವಾಗ ಕಡಿಮೆ ಅಳೆಯುವವರನ್ನು ಅಲ್‌ಮುತಫ್ಫಿಫೀನ್ ಅಧ್ಯಾಯ ಕಠಿಣವಾಗಿ ಎಚ್ಚರಿಸುತ್ತದೆ. ಸಹಾಬಿ ಜರೀರ್ ಇಬ್ನು ಅಬ್ದಿಲ್ಲಾಹ್(ರ) ಅವರ ಸಂಗತಿಯೂ ನೆನಪಾಯಿತು. ಅವರಿಗಾಗಿ 300 ದಿರ್‌ಹಮಿಗೆ ಕುದರಿದ್ದ ಕುದುರೆಯ ನಿಜವಾದ ಬೆಲೆ ಹೆಚ್ಚೆಂದು ಕಂಡು, ಅವರು ತಾವಾಗಿ ಏರಿಸುತ್ತ 800 ದಿರ್‌ಹಮ್ ಕೊಟ್ಟರೆಂದು ವರದಿಯಾಗಿದೆ. ಅಷ್ಟು ಎತ್ತರಕ್ಕೆ ಏರುವ ಶಕ್ತಿ ನಮಗಿರಲಿಲ್ಲ. ಮೆಕ್ಯಾನಿಕ್ ಹೇಳಿದ ರಿಪೇರಿಯ ಅಂದಾಜನ್ನು ಮಾತ್ರ ಕಳೆದು, ಉಳಿದುದನ್ನು ಪೂರ್ತಿ ಎಣಿಸಿದೆವು. ಇಬ್ಬರ ಮುಖದಲ್ಲೂ ಸಮಾಧಾನವಿತ್ತು.

ಇಂತಹ ವಾಹನ ಕೊಳ್ಳಬೇಕೆನ್ನುವವರಿಗೆ ಒಂದು ಮಾತು. ಮೊದಲು ಆರ್‌.ಸಿ. ಪುಸ್ತಕ ನೋಡಬೇಕು. ಅದರಲ್ಲಿ ಕ್ಯಾಂಪರ್ ವ್ಯಾನ್ ಎಂದು ನಮೂದಾಗಿರಬೇಕು. ಸಾಮಾನ್ಯ ವ್ಯಾನಿನ ಸೀಟು ಕಿತ್ತು ಹಲಗೆ ಜೋಡಿಸಿದ್ದಾದರೆ, ಅನುಮತಿಯಿಲ್ಲದೆ ವಾಹನದ ಸ್ವರೂಪ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಒಪ್ಪುವುದಿಲ್ಲ. ಫಾರಂ 29 ಮತ್ತು 30 ತುಂಬಿ ಸಾರಿಗೆ ಕಚೇರಿಗೆ ಕೊಡಬೇಕು. ಕೊಂಡವರು 30 ದಿನಗಳೊಳಗೆ ಹೆಸರಿನ ವರ್ಗಾವಣೆಗೂ, 14 ದಿನಗಳೊಳಗೆ ವಿಮೆಯ ವರ್ಗಾವಣೆಗೂ ಅರ್ಜಿ ಹಾಕಬೇಕು. ನಮ್ಮದು ಹೊನ್ನಾವರದ ಕೆಎ 47 ನೋಂದಣಿಯದಾದ್ದರಿಂದ ಓಡಾಟ ಕಡಿಮೆಯಾಯಿತು. ಮಾರಿದವರ ಹೆಸರಿನಲ್ಲೇ ತಿಂಗಳುಗಟ್ಟಲೆ ಗಾಡಿ ಓಡಿಸುವುದು ನಮ್ಮಲ್ಲಿ ರೂಢಿಯಾಗಿದೆ. ಅಪಘಾತವಾದರೆ ಅದರ ಹೊರೆ ಏನೂ ಅರಿಯದ ಇನ್ನೊಬ್ಬನ ಮೇಲೆ ಬೀಳುತ್ತದೆ. ಕಾಗದದ ಕೆಲಸವೂ ಅಮಾನತ್ತೇ.

ಊರಿಗೆ ತಂದ ಮೇಲೆ ಮೊದಲು ಮಾಡಿದ ಕೆಲಸ ಗ್ಯಾಸ್ ಕೊಳವೆಯನ್ನು ಬದಲಿಸಿದ್ದು ಮತ್ತು ಒಳಗಿದ್ದ ಜನರೇಟರನ್ನು ಇಳಿಸಿಟ್ಟದ್ದು. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ, ಇದೇ ರಾಷ್ಟ್ರೀಯ ಹೆದ್ದಾರಿಯ ಬದಿಗೆ ನಿಂತಿದ್ದ ಒಂದು ಕ್ಯಾರವಾನಿನೊಳಗೆ ಇಬ್ಬರು ಶವವಾಗಿ ಸಿಕ್ಕಿದರು. ಜನರೇಟರಿನ ಹೊಗೆಯಿಂದ ಒಳಸೇರಿದ ಕಾರ್ಬನ್ ಮೊನಾಕ್ಸೈಡ್ ಅದಕ್ಕೆ ಕಾರಣವೆಂದು ತನಿಖೆಯಲ್ಲಿ ಕಂಡುಬಂತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ನಿದ್ರಿಸಿದವನಿಗೆ ಎಚ್ಚರವೇ ಆಗುವುದಿಲ್ಲ. ಮಲಗುವ ಮುನ್ನ ಬೆಂಕಿಯನ್ನು ಆರಿಸಿರಿ, ಅದು ನಿಮ್ಮ ವೈರಿ ಎಂಬರ್ಥದ ಪ್ರವಾದಿ ಬೋಧನೆ ಎಷ್ಟು ಸರಳವೋ ಅಷ್ಟೇ ಆಳ. ಕಿಟಕಿ ತೆರೆದಿಡದೆ, ಒಲೆ ಆರಿಸದೆ ಮಲಗಬಾರದೆಂದು ಮನೆಯ ಮಕ್ಕಳಿಗೂ ಕಲಿಸಿದೆವು. ಒಂಟೆಯನ್ನು ಕಟ್ಟಿದ ಮೇಲೆಯೇ ತವಕ್ಕುಲ್.

ರಿಪೇರಿ ಮುಗಿದ ಮರುವಾರ ಮೊದಲ ಪ್ರಯಾಣ. ಮೂವರು ಪ್ರಯಾಣ ಹೊರಟರೆ ಒಬ್ಬರನ್ನು ಅಮೀರ್ ಆಗಿ ಆರಿಸಿಕೊಳ್ಳಬೇಕೆಂಬುದು ಸುನ್ನತ್. ನಾವು ತಾಯಿಯವರನ್ನೇ ಆರಿಸಿದೆವು. ಅವರು ಹೊರಡಿಸಿದ ಆಜ್ಞೆ ಒಂದೇ: “ಯಾರು ನಿಲ್ಲಿಸು ಎಂದರೂ ಕಾರಣ ಕೇಳದೆ ನಿಲ್ಲಿಸಬೇಕು.” ಐದು ವರ್ಷ ಮನೆಯಲ್ಲಿ ಕುಳಿತವರ ಮನಸ್ಸಿನಲ್ಲಿ ಏನಿತ್ತೆಂಬುದು ಆ ಒಂದು ಮಾತಿನಲ್ಲಿ ನಮಗೆಲ್ಲರಿಗೂ ತಿಳಿಯಿತು. ವಾಹನವನ್ನು ನಮಗೆ ಅಧೀನಗೊಳಿಸಿದವನನ್ನು ಸ್ತುತಿಸಿ, ಕೊನೆಗೆ ಅವನೆಡೆಗೇ ಮರಳಬೇಕಾದವರು ನಾವೆಂದು ನೆನೆಯುವ ಪ್ರಾರ್ಥನೆಯನ್ನು ಮಕ್ಕಳು ಗಟ್ಟಿಯಾಗಿ ಹೇಳಿದರು. ಝುಹರ್ ಮುಗಿಸಿ ಹೊರಟೆವು.

ಮುರ್ಡೇಶ್ವರ, ಮಂಕಿ ದಾಟಿ ಹೊನ್ನಾವರ ತಾಲ್ಲೂಕಿನ ಕಾಸರಕೋಡಿನಲ್ಲಿ ಅಸರ್‌ಗೆ ನಿಂತೆವು. 2020ರಲ್ಲಿ ನೀಲಿ ಬಾವುಟದ ಮಾನ್ಯತೆ ಪಡೆದ ಕಡಲತೀರ ಅದು. ವಾಹನ ನಿಲ್ಲಿಸುವ ಜಾಗದಲ್ಲೇ ನಿಲ್ಲಿಸಿ ತಾಯಿಯವರಿಗೆ ಕುರ್ಚಿ ಹಾಕಿದೆವು. ಖಿಬ್ಲಾ ಇಲ್ಲಿ ಕಡಲ ಕಡೆಗೇ, ಪಶ್ಚಿಮದಿಂದ ತುಸು ಬಲಕ್ಕೆ. ಅವರು ಕುಳಿತು ನಮಾಝ್ ಮಾಡಿದರು. ಸಲಾಮ್ ಹೇಳಿ ಕಣ್ಣೆತ್ತಿದರೆ ಎದುರಿಗೆ ಸಮುದ್ರ. ಬಹಳ ಹೊತ್ತು ಏನೂ ಮಾತನಾಡಲಿಲ್ಲ. ನಮಾಝನ್ನು ಖಸ್ರ್ ಮಾಡಬಹುದೇ ಎಂದು ಮಗ ಕೇಳಿದ. ನಮ್ಮ ಶಾಫಿಈ ಮದ್‌ಹಬಿನಲ್ಲಿ ಖಸ್ರಿಗೆ ಬೇಕಾದ ದೂರ 80 ಕಿಲೋಮೀಟರಿಗೂ ಹೆಚ್ಚು. ಕುಮಟಾಕ್ಕೆ ಹೋಗುವವನಿಗೆ ಆ ರಿಯಾಯಿತಿ ಇಲ್ಲ. ಮನೆಯಂತಹ ವಾಹನವಿದ್ದರೂ ದೂರದ ಲೆಕ್ಕ ಬದಲಾಗುವುದಿಲ್ಲವೆಂದು ಹೇಳಿದೆವು.

ಹೊನ್ನಾವರದಲ್ಲಿ ಶರಾವತಿಯ ಸೇತುವೆ ದಾಟುವಾಗ ಮಕ್ಕಳಿಗೆ ಇಬ್ನು ಬತೂತಾರ ಕತೆ ಹೇಳಿದೆವು. 14ನೆಯ ಶತಮಾನದ 40ರ ದಶಕದಲ್ಲಿ ಈ ಊರಿಗೆ ಬಂದ ಆ ಪ್ರವಾಸಿ ಇಲ್ಲಿ ಹೆಣ್ಣುಮಕ್ಕಳಿಗಾಗಿ 13, ಗಂಡುಮಕ್ಕಳಿಗಾಗಿ 23 ಪಾಠಶಾಲೆಗಳನ್ನು ಕಂಡುದಾಗಿಯೂ, ಇಲ್ಲಿನ ಸ್ತ್ರೀಯರು ಕುರ್‌ಆನ್ ಕಂಠಪಾಠ ಮಾಡಿದವರೆಂದೂ ದಾಖಲಿಸಿದ್ದಾರೆ. ಗೋವೆಯಿಂದ ಕೊಲ್ಲಮಿನವರೆಗಿನ ಕರಾವಳಿ ದಾರಿಯ ಬಗ್ಗೆ ಅವರು ಹೇಳುವುದು ಇನ್ನೂ ಸೊಗಸು: ದಾರಿಯುದ್ದಕ್ಕೂ ಮರಗಳ ನೆರಳು, ಅರ್ಧ ಮೈಲಿಗೊಂದು ಮರದ ತಂಗುಮನೆ, ಯಾವ ಧರ್ಮದ ದಾರಿಹೋಕನಿಗೂ ಕೂರಲು ಕಟ್ಟೆ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಮನುಷ್ಯ. ಇಂದು ಅದೇ ಕರಾವಳಿಯಲ್ಲಿ ಅಗಲವಾದ ಹೆದ್ದಾರಿಯಿದೆ, ಆದರೆ ಎಪ್ಪತ್ತು ದಾಟಿದ ಹೆಂಗಸೊಬ್ಬಳು ನಿಸ್ಸಂಕೋಚವಾಗಿ ಇಳಿದು ಹೋಗಬಹುದಾದ ಶುಚಿಯಾದ ಶೌಚಾಲಯವನ್ನು ಹುಡುಕಬೇಕು. ನಮ್ಮ ಮಸೀದಿಗಳು, ಅಂಗಡಿಗಳು, ದಾರಿಬದಿಯ ಮನೆಗಳು ಈ ಹಳೆಯ ತಂಗುಮನೆಯ ಪುಣ್ಯವನ್ನು ಮತ್ತೆ ಸಂಪಾದಿಸಬಾರದೇಕೆ?

ಸಂಜೆಯಾಗುತ್ತಲೇ ಹೆದ್ದಾರಿಯ ಬದಿಗೆ ಎಲ್ಲಾದರೂ ನಿಲ್ಲಿಸಿ ಮಲಗೋಣವೆಂದು ಮಕ್ಕಳು ಹಟ ಹಿಡಿದರು. ರಾತ್ರಿ ತಂಗುವಾಗ ದಾರಿಯಿಂದ ದೂರ ಸರಿಯಬೇಕು, ಅದು ಪ್ರಾಣಿಗಳ ಸಂಚಾರದ ಜಾಗ ಎಂಬ ಸಹೀಹ್ ಮುಸ್ಲಿಮಿನ ಹದೀಸ್ ನಮಗೆ ಉತ್ತರವಾಯಿತು. ಕುಮಟಾದಿಂದ ಮುಂದೆ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಕುಸಿದುದನ್ನು ಈ ಜಿಲ್ಲೆಯವರು ಮರೆಯುವಂತಿಲ್ಲ. ದಾರಿಬದಿಯಲ್ಲಿ ಚಹಾದಂಗಡಿ ನಡೆಸುತ್ತಿದ್ದ ಕುಟುಂಬ, ದಾರಿಹೋಕರು, ಲಾರಿ ಚಾಲಕರು ಮಣ್ಣಿಗೂ ಗಂಗಾವಳಿಗೂ ಬಲಿಯಾದರು. ಕಡಿದ ಗುಡ್ಡದ ಬುಡದಲ್ಲಿ ವಿಶ್ರಾಂತಿ ಹುಡುಕುವುದು ಧೈರ್ಯವಲ್ಲ.

ಕುಮಟಾದ ಹಿರಿಯಮ್ಮನ ಮನೆ ಹಳೆಯ ಕಾಲದ್ದು, ಎತ್ತರದ ಜಗಲಿ, ಏಳು ಮೆಟ್ಟಿಲು. ತಾಯಿಯವರು ಹತ್ತಲಾರರು. ಹಿಂದೆ ಬರದಿರಲು ಅದೂ ಒಂದು ಕಾರಣವಾಗಿತ್ತು. ವ್ಯಾನನ್ನು ಅಂಗಳಕ್ಕೆ ತಂದು ನಿಲ್ಲಿಸಿದೆವು. ಎಂಬತ್ತು ದಾಟಿದ ಅಕ್ಕ ಮೊಮ್ಮಗನ ಭುಜ ಹಿಡಿದು ತಾವೇ ಇಳಿದು ಬಂದರು. ಎದುರುಬದುರಿನ ಎರಡು ಹಲಗೆಗಳ ಮೇಲೆ ಅಕ್ಕತಂಗಿಯರು ಮಲಗಿದರು. ನಾವೆಲ್ಲ ಮನೆಯೊಳಗೆ ಮಲಗಿದೆವು. ನಡುರಾತ್ರಿಯಲ್ಲೂ ಕಿಟಕಿಯಿಂದ ಅವರ ಮಾತು ಕೇಳುತ್ತಿತ್ತು: ತೀರಿಕೊಂಡ ತಂದೆಯವರು, ಯಾವುದೋ ಮದುವೆ, ಯಾವುದೋ ಮಳೆಗಾಲ. ಫಜ್ರಿಗೆ ಎಬ್ಬಿಸಲು ಹೋದಾಗ ಇಬ್ಬರೂ ಆಗಲೇ ಎದ್ದು ಕುಳಿತಿದ್ದರು. ಮಲಗಿಯೇ ಇರಲಿಲ್ಲವೋ ಏನೋ.

ಊರಿಗೆ ಮರಳಿದ ಮೇಲೆ ಉಳಿದ ಕೆಲಸವನ್ನೂ ಹೇಳಬೇಕು, ಏಕೆಂದರೆ ಪ್ರವಾಸದ ಚಿತ್ರಗಳಲ್ಲಿ ಅದು ಕಾಣುವುದಿಲ್ಲ. ಶೌಚಾಲಯದ ತೊಟ್ಟಿಯನ್ನು ಶರಾವತಿಯ ದಂಡೆಯಲ್ಲೋ ಹೆದ್ದಾರಿಯ ಚರಂಡಿಯಲ್ಲೋ ಬರಿದು ಮಾಡುವುದು ಸುಲಭ. ಜನರ ದಾರಿಯಲ್ಲಿ, ಜನರ ನೆರಳಿನಲ್ಲಿ ಹೊಲಸು ಮಾಡುವುದು ಶಾಪವನ್ನು ತರುತ್ತದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಮುಚ್ಚಿ ತಂದು ಮನೆಯ ಶೌಚಗುಂಡಿಗೇ ಸುರಿದು, ತೊಳೆದೆವು. ದಾರಿಯಿಂದ ಮುಳ್ಳನ್ನು ಸರಿಸುವುದು ಈಮಾನಿನ ಒಂದು ಶಾಖೆಯಾದರೆ, ದಾರಿಗೆ ಮುಳ್ಳು ಹಾಕದಿರುವುದು ಅದಕ್ಕಿಂತ ಮೊದಲಿನ ಪಾಠ.

ಪ್ರಿಯ ಓದುಗರೇ, ನಮ್ಮ ಮನೆಗಳಲ್ಲಿ ವಯಸ್ಸಾದವರು ಎಲ್ಲಿಗೂ ಬರುವುದಿಲ್ಲ ಎನ್ನುವಾಗ ಅದನ್ನು ಅವರ ಇಚ್ಛೆಯೆಂದು ನಂಬಿಬಿಡುವುದು ಸುಲಭ. ಅದರ ಹಿಂದೆ ಒಂದು ಮೆಟ್ಟಿಲಿರಬಹುದು, ಒಂದು ಶೌಚಾಲಯವಿರಬಹುದು, ಹೇಳಲಾಗದ ಒಂದು ಸಂಕೋಚವಿರಬಹುದು. ಎಲ್ಲರೂ ವ್ಯಾನ್ ಕೊಳ್ಳಬೇಕಾಗಿಲ್ಲ. ಗಾಡಿಯನ್ನು ಎರಡು ಬಾರಿ ಹೆಚ್ಚು ನಿಲ್ಲಿಸುವ ತಾಳ್ಮೆ, ದಾರಿಯಲ್ಲಿರುವ ಬಂಧುವಿನ ಮನೆಗೆ ಮೊದಲೇ ಒಂದು ಫೋನು, ಮಡಿಚುವ ಒಂದು ಕುರ್ಚಿ ಇಷ್ಟಿದ್ದರೂ ಎಷ್ಟೋ ಬಾಗಿಲುಗಳು ತೆರೆಯುತ್ತವೆ. ಸುಖಕರವಾದ ವಾಹನವೆಂದರೆ ಅದರಲ್ಲಿರುವ ಅತ್ಯಂತ ದುರ್ಬಲ ವ್ಯಕ್ತಿಗೂ ಸುಖಕರವಾದದ್ದು. ಅಲ್ಲಾಹನು ನಮ್ಮ ಪ್ರಯಾಣಗಳನ್ನು ಸಂಬಂಧಗಳನ್ನು ಜೋಡಿಸುವ ಪ್ರಯಾಣಗಳನ್ನಾಗಿ ಮಾಡಲಿ, ನಮ್ಮ ವ್ಯಾಪಾರಗಳಲ್ಲಿ ಬರಕತ್ ನೀಡಲಿ, ನಮ್ಮ ತಂದೆತಾಯಿಯರು ನಮ್ಮನ್ನು ಚಿಕ್ಕಂದಿನಲ್ಲಿ ಸಲಹಿದಂತೆ ಅವರ ಮೇಲೆ ಕರುಣೆ ತೋರಲಿ. ಆಮೀನ್.