ಮೂರು ಪದಗಳು ಮತ್ತು ಒಂದು ಪ್ರಬಂಧ



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ ಕೇಳಿದಳು: "ಸಾರ್, ಬಯಾಸ್, ಪ್ರೆಜುಡಿಸ್, ಬಿಗಟ್ರಿ ಮೂರಕ್ಕೂ ಪೂರ್ವಗ್ರಹ ಅಂತಲೇ ಬರೆಸಿದರೆ ತಪ್ಪೇ?" ಅವಳೀಗ ತಾನೇ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದಾಳೆ. ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸಿದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಪದಗಳ ಅರ್ಥಭೇದವನ್ನು ನಾನು ನಿಘಂಟಿನಿಂದ ಮಾತ್ರ ಕಲಿತವನಲ್ಲ.

'ಬಯಾಸ್' ಎಂಬುದು ಫ್ರೆಂಚಿನಿಂದ ಬಂದ ಪದ. ಮೂಲಾರ್ಥ ಓರೆ, ವಾಲಿಕೆ. ಹುಲ್ಲುಹಾಸಿನ ಮೇಲೆ ಚೆಂಡುರುಳಿಸುವ 'ಬೌಲ್ಸ್' ಎಂಬ ಆಟ ಇಂಗ್ಲೆಂಡಿನಲ್ಲಿ ಬಹು ಹಳೆಯದು. ಅಲ್ಲಿ ಚೆಂಡು ನೇರವಾಗಿ ಹೋಗದೆ ಒಂದು ಪಕ್ಕಕ್ಕೆ ಬಾಗುತ್ತದೆ. ಆ ಬಾಗುವ ಗುಣಕ್ಕೆ ಬಯಾಸ್ ಎಂದೇ ಹೆಸರು. ನಮ್ಮ 'ಪಕ್ಷಪಾತ' ಇದಕ್ಕೆ ಬಹಳ ಹತ್ತಿರ. ಒಂದು ಪಕ್ಷದ ಕಡೆಗೆ ಬೀಳುವುದು ಎಂದೇ ಅದರ ಅರ್ಥ. ಚೆಂಡಿನಂತೆ, ವಾಲುವವನಿಗೂ ತಾನು ವಾಲುತ್ತಿರುವುದು ತಿಳಿಯದಿರಬಹುದು. ದುಂಡಾದ ಕೈಬರಹದ ಉತ್ತರಪತ್ರಿಕೆಗೆ ನನ್ನ ಕೆಂಪು ಪೆನ್ನು ಎಷ್ಟೋ ಸಲ ಅರ್ಧ ಅಂಕ ಹೆಚ್ಚು ಕೊಟ್ಟಿದೆ. ದ್ವೇಷದಿಂದಲ್ಲ, ಪ್ರೀತಿಯಿಂದಲೂ ಅಲ್ಲ; ಕೈ ಆ ಕಡೆಗೆ ವಾಲಿತು, ಅಷ್ಟೆ.

'ಪ್ರೆಜುಡಿಸ್' ಲ್ಯಾಟಿನ್ ಮೂಲದ್ದು. 'ಪ್ರೆ' ಎಂದರೆ ಮೊದಲು, 'ಜುಡಿಸಿಯಂ' ಎಂದರೆ ತೀರ್ಪು. ವಿಚಾರಣೆಗೆ ಮುನ್ನವೇ ಕೊಟ್ಟ ತೀರ್ಪು ಎಂದಾಯಿತು. 'ಪೂರ್ವಗ್ರಹ' ಎಂಬ ನಮ್ಮ ಪದ ಇದಕ್ಕೇ ಸರಿಯಾಗಿ ಹೊಂದುತ್ತದೆ.

'ಬಿಗಟ್ರಿ' ಬೇರೆಯೇ ಜಾತಿಯದು. ಮೊದಲು ಅದು ಧಾರ್ಮಿಕ ಸೋಗಿನವರಿಗೆ ಅಂಟಿದ ಮಾತಾಗಿತ್ತು. ಈಗ ತನ್ನ ನಿಲುವನ್ನು ಕುರುಡಾಗಿ ಹಿಡಿದು ಉಳಿದವರನ್ನು ಸಹಿಸದ ಯಾರಿಗಾದರೂ ಸಲ್ಲುತ್ತದೆ. 'ಮತಾಂಧತೆ' ಎಂದರೆ ಅರ್ಥ ಧರ್ಮಕ್ಕಷ್ಟೇ ಸೀಮಿತವಾಗುತ್ತದೆ. 'ದುರಾಗ್ರಹ' ಸ್ವಲ್ಪ ಸಮೀಪ. 'ನ್ಯಾರೋ ಮೈಂಡೆಡ್' ಎನ್ನಿಸಿಕೊಂಡವನ ಮನೆಗೆ ಕಿಟಕಿ ಚಿಕ್ಕದು, ಅವನು ಕಂಡದ್ದೇ ಅಷ್ಟು. ಬಿಗಟ್‌ನ ಮನೆಗೆ ಕಿಟಕಿಯಿದೆ, ಅಗುಳಿ ಹಾಕಿಕೊಂಡವನು ಅವನೇ.

ಇನ್ನು ನನ್ನ ಪಾಠ. 1984ನೆಯ ಇಸವಿ, ಹಳ್ಳಿಯೊಂದರ ಪ್ರೌಢಶಾಲೆ. ಒಂಬತ್ತನೆಯ ತರಗತಿಗೆ 'ಮರೆಯಲಾಗದ ರಾತ್ರಿ' ಎಂಬ ಪ್ರಬಂಧ ಬರೆಯಲು ಕೊಟ್ಟಿದ್ದೆ. ಕೊನೆಯ ಬೆಂಚಿನ ಹುಡುಗನೊಬ್ಬ ಮಳೆಯ ರಾತ್ರಿ ಊರ ಕೆರೆಯ ಏರಿ ಒಡೆದದ್ದನ್ನು ಬರೆದಿದ್ದ. ಅದರಲ್ಲಿ 'ಬ್ರೀಚ್' ಎಂಬ ಪದವಿತ್ತು. ಸರಳ ವಾಕ್ಯವನ್ನೇ ತಡವರಿಸುವ ಇವನಿಗೆ ಈ ಪದ ಎಲ್ಲಿಂದ ಬರಬೇಕು? "ಯಾವ ಗೈಡಿನಿಂದ ಇಳಿಸಿದೆ?" ಎಂದು ತರಗತಿಯೆದುರೇ ಕೇಳಿದೆ. ಇದು ಪ್ರೆಜುಡಿಸ್.

ಹುಡುಗ ತಲೆ ತಗ್ಗಿಸಿ ಹೇಳಿದ: "ಇಲ್ಲ ಸಾ, ನಮ್ಮಪ್ಪ ನೀರಗಂಟಿ. ಏರಿ ನೋಡಕ್ಕೆ ಬರೋ ಇಂಜಿನಿಯರ್ ಸಾಹೇಬ್ರು ಹಂಗಂತಾರೆ."

ಸಾಕ್ಷಿ ನನ್ನ ಮುಂದೆ ಬಂದು ನಿಂತಿತ್ತು. ಕೆರೆಯ ತೂಬನ್ನು ಕಾಯುವವನ ಮಗನಿಗೆ ಆ ಪದ ನನಗಿಂತ ಹತ್ತಿರದ್ದು. ಅಲ್ಲಿಗೆ ನಿಲ್ಲಿಸಿ, "ತಪ್ಪಾಯಿತಪ್ಪ" ಎಂದಿದ್ದರೆ ನನ್ನ ದೋಷ ಪೂರ್ವಗ್ರಹವಾಗಿಯೇ ಉಳಿಯುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ನಲವತ್ತು ಮಕ್ಕಳೆದುರು ಮೇಷ್ಟರು ಸೋಲುವುದುಂಟೇ? "ಸುಳ್ಳು ಬೇರೆ ಹೇಳುತ್ತೀಯಾ?" ಎಂದು ಗದರಿಸಿ, ಹತ್ತಕ್ಕೆ ಎರಡು ಅಂಕ ಹಾಕಿದೆ. ಆ ವರ್ಷವಿಡೀ ಅವನು ಮತ್ತೆ ಸ್ವಂತ ವಾಕ್ಯ ಬರೆಯಲಿಲ್ಲ. ಕಪ್ಪುಹಲಗೆಯ ಮೇಲಿದ್ದುದನ್ನಷ್ಟೇ ಇಳಿಸಿಕೊಂಡು ಕೊಟ್ಟ.

ಅದನ್ನು ಯಾವ ಪದದಿಂದ ಕರೆಯಬೇಕೆಂದು ಬಹುಕಾಲ ಯೋಚಿಸಿದ್ದೇನೆ. ಜಾತಿ, ಮತಗಳ ದ್ವೇಷವನ್ನು ಹೊತ್ತ ಆ ದೊಡ್ಡ ಪದ ಒಂದು ಪ್ರಬಂಧದ ಮಾತಿಗೆ ಅತಿಯಾಯಿತೆಂದು ನಿಮಗೆ ತೋರಬಹುದು. ಆದರೆ ಅದರ ಹೊಸ್ತಿಲು ಇದೇ ಎಂದು ನನಗೆ ಮನವರಿಕೆಯಾಗಿದೆ. ತಿಳಿಯುವ ಮುನ್ನ ತಪ್ಪು ತೀರ್ಮಾನಕ್ಕೆ ಬರುವುದು ಎಲ್ಲರಿಗೂ ಸಹಜ; ತಿಳಿದ ಮೇಲೂ ಅದನ್ನೇ ಹಿಡಿದು ನಿಲ್ಲುವುದು ನಾವೇ ಆರಿಸಿಕೊಂಡ ದಾರಿ. ಎರಡಕ್ಕೂ ಒಂದೇ ಪದ ಬಳಸಿದರೆ ಆ ಆಯ್ಕೆಯೇ ಮರೆಯಾಗಿಬಿಡುತ್ತದೆ. ಆದ್ದರಿಂದ, ಅಮ್ಮಾ, ನಿನ್ನ ಮಕ್ಕಳಿಗೆ ಮೂರಕ್ಕೂ ಒಂದೇ ಅರ್ಥ ಬರೆಸಬೇಡ.

ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ನಿಮ್ಮಲ್ಲಿ ಯಾರಿಗಾದರೂ ಅವನು ಯಾರೆಂದು ಹೊಳೆದಿದ್ದರೆ, ಹೆಸರು ಬರೆಯಬೇಡಿ. ಇದನ್ನು ಅವನಿಗೆ ತಲುಪಿಸಿ. ಆ ಪ್ರಬಂಧಕ್ಕೆ ಹತ್ತಕ್ಕೆ ಒಂಬತ್ತು. ಒಂದಂಕ ಕಳೆದದ್ದು ಎರಡು ಕಡೆ 'ದಿ' ಬಿಟ್ಟಿದ್ದಕ್ಕೆ.